ಐಡಿ ಬ್ಲಾಕ್ ಆದವರಿಗೆ ಕಾರಣ ಕೇಳುವ ಹಕ್ಕು ಬೇಡವೇ?

2025ರ ಡಿಸೆಂಬರ್ 25 ಮತ್ತು 31ರಂದು ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಬರುವ ಕೆಲಸ ಹಿಡಿದು ದುಡಿಯುವವರ, ಸಂಘಟನೆಗಳು ದೇಶದಾದ್ಯಂತ ಮುಷ್ಕರಕ್ಕೆ ಕರೆ ಕೊಟ್ಟವು. ಟಿವಿಯಲ್ಲಿ, ಫೋನಿನಲ್ಲಿ, ಆಫೀಸಿನ ಊಟದ ಮೇಜಿನಲ್ಲಿ ಚರ್ಚೆಯೆಲ್ಲ ಒಂದೇ ವಿಷಯದ ಸುತ್ತ ತಿರುಗಿತು. ಹತ್ತು ನಿಮಿಷದಲ್ಲಿ ಡೆಲಿವರಿ ಬೇಕಾ, ಬೇಡ್ವಾ? ಒಂದು ಕಡೆಯವರು ಪಾಪ ಅಂದರು. ಇನ್ನೊಂದು ಕಡೆಯವರು, ಕಷ್ಟ ಆದರೆ ಬಿಡಲಿ, ಯಾರು ಹಿಡಿದುಕೊಂಡಿದ್ದಾರೆ ಅಂದರು. ಮುಷ್ಕರದ ಬೇಡಿಕೆಗಳಲ್ಲಿ ಇನ್ನೊಂದು ಇತ್ತು. ಕಾರಣ ಹೇಳದೆ ಐಡಿ, ಅಂದರೆ ಕೆಲಸಗಾರರ ಆ್ಯಪ್ ಖಾತೆ, ಬ್ಲಾಕ್ ಮಾಡುವುದನ್ನು ನಿಲ್ಲಿಸಿ ಎಂಬುದು. ಅದರ ಬಗ್ಗೆ ಮಾತಾಡಿದವರು ಕಡಿಮೆ.

ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಬೇಡಿಕೆ ಅನ್ನಿಸುತ್ತದೆ. ಮುಷ್ಕರದ ಬೆನ್ನಲ್ಲೇ, 2026ರ ಜನವರಿಯಲ್ಲಿ, ಜೊಮಾಟೊ ಸ್ಥಾಪಕ ದೀಪಿಂದರ್ ಗೋಯಲ್ ಒಂದು ಪಾಡ್‌ಕಾಸ್ಟ್‌ನಲ್ಲಿ ಮಾತಾಡುತ್ತಾ ಒಂದು ಲೆಕ್ಕ ಕೊಟ್ಟರು. ತಿಂಗಳಿಗೆ ಸುಮಾರು 5,000 ಡೆಲಿವರಿ ಕೆಲಸಗಾರರನ್ನು ಕಂಪನಿಯೇ ತೆಗೆಯುತ್ತದೆ, ಮುಖ್ಯ ಕಾರಣ ಮೋಸ, ಎಂದು. ಇಷ್ಟು ಜನರನ್ನು ಒಂದು ಕಾರ್ಖಾನೆ ಒಂದೇ ತಿಂಗಳಲ್ಲಿ ತೆಗೆದಿದ್ದರೆ ಪೇಪರಿನ ಮುಖಪುಟದಲ್ಲಿ ಬರುತ್ತಿತ್ತು. ಶಾಸಕರು ಗೇಟಿನ ಹತ್ತಿರ ಹೋಗುತ್ತಿದ್ದರು. ಆ್ಯಪ್‌ನಲ್ಲಿ ಆದರೆ ಅದು ಬರೀ ಒಂದು ಸಂಖ್ಯೆ. ಆ 5,000 ಜನರಲ್ಲಿ ಎಷ್ಟು ಜನ ನಿಜವಾಗಿ ಮೋಸ ಮಾಡಿದವರು, ಎಷ್ಟು ಜನ ಯಾರದೋ ತಪ್ಪಿಗೆ ಹೊರಗೆ ಬಿದ್ದವರು ಎಂದು ಹೊರಗಿನವರು ಪರೀಕ್ಷಿಸಿ ನೋಡುವ ದಾರಿಯೇ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಬ್ಲಾಕ್ ಅಂದರೆ ಏನು ಅಂತ ನೋಡೋಣ. ರೈಡರ್ ಬೆಳಿಗ್ಗೆ ಎದ್ದು ಲಾಗಿನ್ ಆಗಲು ಹೋಗುತ್ತಾನೆ. ಆ್ಯಪ್ ತೆರೆಯುತ್ತದೆ, ಆದರೆ ಆರ್ಡರ್ ಬರುವ ಪುಟ ಬರುವುದಿಲ್ಲ. ನಿಮ್ಮ ಖಾತೆ ನಿಷ್ಕ್ರಿಯವಾಗಿದೆ, ನಿಯಮ ಉಲ್ಲಂಘನೆಯಾಗಿದೆ ಎಂಬಂಥ ಒಂದು ಸಾಲು ಇರುತ್ತದೆ. ಯಾವ ನಿಯಮ, ಯಾವ ಆರ್ಡರ್, ಯಾವ ದಿನ ಎಂದು ಇರುವುದಿಲ್ಲ. ಸಹಾಯ ಬಟನ್ ಒತ್ತಿದರೆ ಚಾಟ್ ತೆರೆಯುತ್ತದೆ. ಅಲ್ಲಿ ಮೊದಲೇ ಬರೆದಿಟ್ಟ ಉತ್ತರಗಳು. ಕಂಪನಿಯ ಹಬ್ ಆಫೀಸ್‌ಗೆ ಹೋದರೆ, ಇದು ಸಿಸ್ಟಂನಲ್ಲಿ ಆಗಿರೋದು, ನಮ್ಮ ಕೈಲಿ ಇಲ್ಲ ಎನ್ನುತ್ತಾರೆ. ಬೈಕಿನ ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತಿರುತ್ತದೆ.

ಇದರ ಹಿಂದೆ ನಡೆಯುವುದು ಏನು? ಆ್ಯಪ್ ಪ್ರತಿ ರೈಡರ್‌ನ ಬಗ್ಗೆ ಹತ್ತಾರು ವಿಷಯ ಕೂಡಿಡುತ್ತದೆ. ಎಷ್ಟು ಆರ್ಡರ್ ಬೇಡ ಎಂದ, ಎಷ್ಟು ರದ್ದಾದವು, ಗಿರಾಕಿ ಕೊಟ್ಟ ಸ್ಟಾರ್ ಎಷ್ಟು, ನನಗೆ ತಲುಪಿಲ್ಲ ಎಂಬ ದೂರು ಎಷ್ಟು, ಜಿಪಿಎಸ್ ತೋರಿಸಿದ ಜಾಗಕ್ಕೂ ಮನೆ ವಿಳಾಸಕ್ಕೂ ಎಷ್ಟು ದೂರ, ಸೆಲ್ಫಿ ತೆಗೆದಾಗ ಮುಖ ಹೊಂದಿತಾ. ಕೆಲವು ಆ್ಯಪ್‌ಗಳು ಮಧ್ಯೆ ಮಧ್ಯೆ ಸೆಲ್ಫಿ ಕೇಳುತ್ತವೆ, ಒಬ್ಬರ ಐಡಿಯಲ್ಲಿ ಇನ್ನೊಬ್ಬರು ಓಡಿಸದಿರಲಿ ಅಂತ. ಇವನ್ನೆಲ್ಲ ಸೇರಿಸಿ ಒಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಒಂದು ಗೆರೆ ದಾಟಿದರೆ ಬ್ಲಾಕ್. ಗೆರೆ ಎಲ್ಲಿದೆ ಅಂತ ರೈಡರ್‌ಗೆ ಗೊತ್ತಿರುವುದಿಲ್ಲ. ತಾನು ಗೆರೆಗೆ ಎಷ್ಟು ಹತ್ತಿರ ಇದ್ದೇನೆ ಅಂತಲೂ ಗೊತ್ತಿರುವುದಿಲ್ಲ.

ಮೋಸ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಊಟ ಕೊಡದೆಯೇ ಕೊಟ್ಟೆ ಅಂತ ಒತ್ತುವವರಿದ್ದಾರೆ. ಕ್ಯಾಶ್ ಇಟ್ಟುಕೊಂಡು ನಾಪತ್ತೆ ಆಗುವವರಿದ್ದಾರೆ. ಐಡಿ ಬಾಡಿಗೆಗೆ ಕೊಡುವವರೂ ಇದ್ದಾರೆ. ಹಾಗೆಯೇ ಬಿಸಿ ಬಿರಿಯಾನಿ ಕೈಗೆ ತಗೊಂಡು, ತಿಂದು, ಬಂದೇ ಇಲ್ಲ ಅಂತ ದೂರು ಹಾಕಿ ದುಡ್ಡು ವಾಪಸ್ ಪಡೆಯುವ ಗಿರಾಕಿಗಳೂ ಇದ್ದಾರೆ. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಅಂತ ತಿಳಿಯಬೇಕಾದರೆ ಇಬ್ಬರನ್ನೂ ಕೇಳಬೇಕು. ರೈಡರ್‌ನ ಮಾತನ್ನು ಕೇಳುವವರು ಯಾರೂ ಇಲ್ಲದ ಕಡೆ ಅವನೇ ಸುಳ್ಳುಗಾರ ಆಗಿಬಿಡುತ್ತಾನೆ.

ಸ್ಟಾರ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. 2023ರಲ್ಲಿ ಅರ್ಬನ್ ಕಂಪನಿ ಆ್ಯಪ್ ಮೂಲಕ ಕೆಲಸ ಮಾಡುವ ಬ್ಯೂಟಿಷಿಯನ್ ಹೆಣ್ಣುಮಕ್ಕಳು ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಬೀದಿಗಿಳಿದಿದ್ದರು. ರೇಟಿಂಗ್ 4.7ಕ್ಕಿಂತ ಕೆಳಗೆ ಹೋದರೆ ಐಡಿಗೆ ಕುತ್ತು ಎಂಬುದು ಅವರ ದೊಡ್ಡ ದೂರಾಗಿತ್ತು. 5ಕ್ಕೆ 4.7 ಅಂದರೆ ಕೇಳಲಿಕ್ಕೆ ಪರವಾಗಿಲ್ಲ ಅನ್ನಿಸುತ್ತದೆ, ಒಳ್ಳೆ ಕೆಲಸ ಮಾಡುವವರಿಗೆ ಏನು ಕಷ್ಟ ಅಂತ. ಸರಳ ಸರಾಸರಿ ತೆಗೆದು ನೋಡಿ. ಹತ್ತು ಗಿರಾಕಿಗಳು 5 ಸ್ಟಾರ್ ಕೊಟ್ಟರು. ಹನ್ನೊಂದನೆಯವರಿಗೆ ಮನೆಯಲ್ಲಿ ಏನೋ ಕಿರಿಕಿರಿ, 1 ಸ್ಟಾರ್ ಕೊಟ್ಟರು. ಒಟ್ಟು 51. ಹನ್ನೊಂದರಿಂದ ಭಾಗಿಸಿದರೆ 4.64. ಗೆರೆಯ ಕೆಳಗೆ ಬಿದ್ದಾಯಿತು. ಆ ಒಂದು ಸಿಟ್ಟನ್ನು ಸರಿದೂಗಿಸಲು 13 ಪೂರ್ತಿ ಸ್ಟಾರ್ ಬೇಕು. ಇನ್ನೂ ಬೇಸರದ ಸಂಗತಿ, ಚೆನ್ನಾಗಿತ್ತು ಅಂದುಕೊಂಡೇ 4 ಸ್ಟಾರ್ ಕೊಡುವ ಒಳ್ಳೆ ಜನ. 4 ಅಂದರೆ 4.7ಕ್ಕಿಂತ ಕಡಿಮೆ. ಮೆಚ್ಚಿಕೊಂಡು ಕೊಟ್ಟದ್ದೇ ಆಕೆಯನ್ನು ಕೆಳಗೆ ಎಳೆಯುತ್ತದೆ. ಆ ನಾಲ್ಕನ್ನು ಸರಿಮಾಡಲು ಮೂರು ಐದುಗಳು ಬೇಕು. ಗಿರಾಕಿಗೆ ಇದು ಗೊತ್ತೇ ಇಲ್ಲ. ಯಾರೂ ಹೇಳಿಲ್ಲ.

ಇದನ್ನೇ ಕೆಎಸ್ಆರ್‌ಟಿಸಿ ಕಂಡಕ್ಟರ್ ಕೆಲಸದ ಜೊತೆ ಇಟ್ಟು ನೋಡಿ. ಟಿಕೆಟ್ ಕೊಡದೆ ದುಡ್ಡು ಇಟ್ಟುಕೊಂಡ ಅಂತ ಚೆಕಿಂಗ್‌ನವರು ಹಿಡಿದರು ಅಂದುಕೊಳ್ಳಿ. ಆ ಕ್ಷಣವೇ ಕೆಲಸ ಹೋಗುವುದಿಲ್ಲ. ಮೆಮೊ ಕೊಡುತ್ತಾರೆ. ಆರೋಪ ಪಟ್ಟಿ ಕೊಡುತ್ತಾರೆ. ಅವನು ಉತ್ತರ ಬರೆಯುತ್ತಾನೆ. ವಿಚಾರಣೆ ನಡೆಯುತ್ತದೆ. ವಜಾ ಮಾಡಿದರೂ ಲೇಬರ್ ಕೋರ್ಟಿಗೆ ಹೋಗಬಹುದು, ಎಷ್ಟೋ ಜನ ಹೋಗಿ ಕೆಲಸ ವಾಪಸ್ ಪಡೆದಿದ್ದಾರೆ. ಇದೆಲ್ಲ ನಿಧಾನ, ಒಪ್ಪುತ್ತೇನೆ. ಆದರೆ ನೀನು ಏನು ತಪ್ಪು ಮಾಡಿದೆ ಅಂತ ಹೇಳದೆ ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ ಎಂಬ ಮಾತು ಅಲ್ಲಿ ಗಟ್ಟಿಯಾಗಿದೆ. ಕಾರ್ಮಿಕರು ಅದನ್ನು ಪಡೆಯಲು ಹಲವು ದಶಕ ಹೋರಾಡಿದರು. ಫೋನ್ ಬಂದ ಮೇಲೆ ಅದು ಸದ್ದಿಲ್ಲದೆ ಕೈಜಾರಿತು.

ಕೈಜಾರಿದ್ದು ಹೇಗೆ? ಕಂಪನಿಗಳ ವಾದ ಸರಳ. ಇವರು ನಮ್ಮ ನೌಕರರಲ್ಲ. ಸ್ವಂತ ಗಾಡಿ, ಸ್ವಂತ ಪೆಟ್ರೋಲ್, ಬೇಕಾದಾಗ ಬರುತ್ತಾರೆ, ಬೇಡವಾದಾಗ ಹೋಗುತ್ತಾರೆ. ನೌಕರಿಯೇ ಇಲ್ಲದ ಮೇಲೆ ವಜಾ ಎಲ್ಲಿಂದ ಬಂತು? ಈ ವಾದಕ್ಕೆ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 19ರಂದು ಊಬರ್ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಬಾಡಿಗೆ ಎಷ್ಟು ಅಂತ ತೀರ್ಮಾನ ಮಾಡುವುದು ಊಬರ್. ಒಪ್ಪಂದದ ಷರತ್ತು ಬರೆಯುವುದು ಊಬರ್. ಟ್ರಿಪ್ ಬೇಡ ಅಂದರೆ ದಂಡಿಸುವುದು ಊಬರ್. ರೇಟಿಂಗ್ ಹಿಡಿದು ಕೆಲಸ ನಿಯಂತ್ರಿಸುವುದು ಊಬರ್. ಡ್ರೈವರ್ ಮತ್ತು ಪ್ರಯಾಣಿಕ ನೇರವಾಗಿ ಸಂಬಂಧ ಇಟ್ಟುಕೊಳ್ಳದ ಹಾಗೆ ನೋಡಿಕೊಳ್ಳುವುದೂ ಊಬರ್. ಹೀಗಿರುವಾಗ ಇವರು ಸ್ವತಂತ್ರ ವ್ಯಾಪಾರಿಗಳು ಅನ್ನುವುದು ಸರಿಯಲ್ಲ ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಕನಿಷ್ಠ ಕೂಲಿ, ರಜೆ ಸಂಬಳ ಎಲ್ಲ ಸಿಕ್ಕಿತು. ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂಬುದಕ್ಕಿಂತ ದಿನನಿತ್ಯ ನಡೆಯುವುದು ಏನು ಎಂಬುದನ್ನು ಕೋರ್ಟ್ ನೋಡಿತು.

ಆದರೆ ಐಡಿ ಬ್ಲಾಕ್ ವಿಷಯಕ್ಕೆ ಇನ್ನೂ ಹತ್ತಿರದ ತೀರ್ಪು ಬಂದದ್ದು ಆಮ್‌ಸ್ಟರ್‌ಡ್ಯಾಂನಿಂದ. ಅದರಲ್ಲಿ ನಮ್ಮೂರಿನ ಕಂಪನಿಯೊಂದೂ ಇದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಓಲಾ ಆಗ ಬ್ರಿಟನ್ನಿನಲ್ಲೂ ಟ್ಯಾಕ್ಸಿ ಓಡಿಸುತ್ತಿತ್ತು. ಅದರ ಯುರೋಪಿನ ಕಂಪನಿ ನೋಂದಣಿಯಾಗಿದ್ದು ನೆದರ್ಲೆಂಡ್ಸ್‌ನಲ್ಲಿ. ಹಾಗಾಗಿ ಬ್ರಿಟನ್ನಿನ ಡ್ರೈವರ್‌ಗಳು ಅಲ್ಲಿನ ಕೋರ್ಟಿಗೆ ಹೋದರು. ನಮ್ಮ ಗಳಿಕೆಯಿಂದ ದಂಡ ಅಂತ ದುಡ್ಡು ಹಿಡಿಯುತ್ತಾರೆ, ಯಾಕೆ ಅಂತ ಹೇಳುವುದಿಲ್ಲ ಎಂಬುದು ಒಂದು ದೂರು. 2021ರ ಮಾರ್ಚ್‌ನಲ್ಲಿ ಕೋರ್ಟ್ ನೋಡಿದಾಗ ತಿಳಿದದ್ದು, ಆ ದುಡ್ಡು ಹಿಡಿಯುವ ತೀರ್ಮಾನದಲ್ಲಿ ಮನುಷ್ಯರ ಕೈ ಇರಲೇ ಇಲ್ಲ. ಎಲ್ಲವೂ ಯಂತ್ರದ್ದೇ. ಯುರೋಪಿನ ಡೇಟಾ ಕಾಯ್ದೆ ಜಿಡಿಪಿಆರ್‌ನ 22ನೇ ವಿಧಿ ಇದಕ್ಕೇ ಇದೆ. ಯಂತ್ರವೊಂದೇ ತೀರ್ಮಾನಿಸಿ ಮನುಷ್ಯನ ಬದುಕಿಗೆ ದೊಡ್ಡ ಪೆಟ್ಟು ಕೊಡುವ ಹಾಗಿಲ್ಲ. ಕೊಟ್ಟರೆ ಆತ ಕಾರಣ ಕೇಳಬಹುದು, ಮನುಷ್ಯನೊಬ್ಬ ಮತ್ತೆ ನೋಡಲಿ ಅಂತ ಕೇಳಬಹುದು.

2023ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟ್ ಇನ್ನೂ ಮುಂದೆ ಹೋಯಿತು. ಓಲಾ ಪ್ರತಿ ಡ್ರೈವರ್‌ಗೂ ಒಳಗೊಳಗೆ ಮೋಸದ ಸಾಧ್ಯತೆ ಇಷ್ಟು ಅಂತ ಒಂದು ಅಂಕ ಇಟ್ಟಿತ್ತು. ಅದನ್ನೂ ತೋರಿಸಬೇಕು ಎಂದಿತು. ಊಬರ್‌ನ ಪ್ರಕರಣವಂತೂ ಗಮನಿಸಬೇಕಾದ್ದು. ಮೋಸದ ಆರೋಪದಲ್ಲಿ ತೆಗೆದ ಡ್ರೈವರ್‌ಗಳ ಬಗ್ಗೆ ಕಂಪನಿ, ನಮ್ಮಲ್ಲಿ ಮನುಷ್ಯರೇ ನೋಡಿ ತೀರ್ಮಾನ ಮಾಡುತ್ತಾರೆ, ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಅದಕ್ಕೇ ಒಂದು ತಂಡ ಇದೆ ಎಂದಿತು. ಆ ಮನುಷ್ಯರು ಮಾಡುವುದು ಹೆಚ್ಚೂಕಮ್ಮಿ ಹೆಸರಿಗಷ್ಟೇ ಎಂದು ಕೋರ್ಟ್ ಹೇಳಿತು. ಡ್ರೈವರ್‌ನನ್ನು ಮಾತಾಡಿಸಿಲ್ಲ, ಅವನ ಉತ್ತರ ಕೇಳಿಲ್ಲ. ಯಂತ್ರ ಹೇಳಿದ್ದಕ್ಕೆ ತಲೆಯಾಡಿಸಲು ಒಬ್ಬರನ್ನು ಕೂರಿಸಿದರೆ ಅದು ಮನುಷ್ಯರ ತೀರ್ಮಾನ ಆಗುವುದಿಲ್ಲ.

ಈಗ ಯೋಚಿಸಿ. ಬೆಂಗಳೂರಿನ ಕಂಪನಿ ಲಂಡನ್ನಿನ ಡ್ರೈವರ್‌ಗೆ ಲೆಕ್ಕ ತೋರಿಸಬೇಕಾಯಿತು. ಕೇಂದ್ರದ ಕಾನೂನಿನ ಪ್ರಕಾರ ಕೋರಮಂಗಲದ ಡ್ರೈವರ್‌ಗೆ ತೋರಿಸಬೇಕಾಗಿಲ್ಲ. ಯಾಕೆಂದರೆ ನಮ್ಮ ದೇಶದ 2023ರ ಡಿಜಿಟಲ್ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ 22ನೇ ವಿಧಿಯಂಥದ್ದು ಇಲ್ಲವೇ ಇಲ್ಲ. ನನ್ನ ಬಗ್ಗೆ ಯಾವ ಡೇಟಾ ಇಟ್ಟಿದ್ದೀರಿ ಅಂತ ಕೇಳುವ ಹಕ್ಕನ್ನು ಅದರಲ್ಲಿ ಬರೆದಿದ್ದಾರೆ. ಅದನ್ನು ಹಿಡಿದು ಯಂತ್ರ ನನ್ನ ಅನ್ನಕ್ಕೆ ಕಲ್ಲು ಹಾಕಿದ್ದು ಯಾಕೆ ಅಂತ ಕೇಳಲು ಆ ಕಾಯ್ದೆ ದಾರಿ ಕೊಟ್ಟಿಲ್ಲ. ಇದು ಕಣ್ತಪ್ಪಿ ಆದದ್ದು ಅಂತ ನಾನು ನಂಬುವುದಿಲ್ಲ. ಯುರೋಪಿನ ಕಾಯ್ದೆ ಜಾರಿಯಾಗಿ ಐದು ವರ್ಷ ಆದಮೇಲೆ ಬರೆದ ಕಾಯ್ದೆ ಇದು. ಮುಂದಿರುವುದನ್ನು ನೋಡಿಯೇ ಬಿಟ್ಟಿದ್ದಾರೆ.

ಕೇಂದ್ರದ ಸಾಮಾಜಿಕ ಭದ್ರತೆ ಸಂಹಿತೆ 2020ರಲ್ಲೇ ಪಾಸಾಗಿತ್ತು, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಗಿಗ್ ಕಾರ್ಮಿಕ ಎಂಬ ಹೆಸರು ದೇಶದ ಕಾನೂನಿಗೆ ಬಂದದ್ದೇ ಅದರಿಂದ, ಅಷ್ಟರಮಟ್ಟಿಗೆ ಒಳ್ಳೆಯದೇ. ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ನಿಧಿಗೆ ಕೊಡಬೇಕು, ಅದು ಕಾರ್ಮಿಕರಿಗೆ ಕೊಡುವ ಹಣದ ಶೇ 5ನ್ನು ಮೀರಬಾರದು. ವಿಮೆ, ಆರೋಗ್ಯ, ವೃದ್ಧಾಪ್ಯ, ಇವಕ್ಕೆ ಅದು. ಐಡಿ ಬ್ಲಾಕ್ ಬಗ್ಗೆ ಒಂದಕ್ಷರ ಇಲ್ಲ. ಸತ್ತರೆ ದುಡ್ಡು ಬರುತ್ತದೆ, ಬದುಕಿದ್ದಾಗ ಕೆಲಸ ಕಸಿದರೆ ಕೇಳುವವರಿಲ್ಲ.

ಅದಕ್ಕೇ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ನನಗೆ ಮುಖ್ಯ ಅನ್ನಿಸುವುದು. ರಾಜಸ್ಥಾನ 2023ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಇಂಥ ಕಾನೂನು ಮಾಡಿತು. ಕರ್ನಾಟಕ 2024ರ ಜೂನ್ ಕೊನೆಗೆ ಕರಡು ಹೊರತಂದಿತು. ನಾಸ್ಕಾಂ ಮತ್ತು ಐಎಎಂಎಐ ಥರದ ಉದ್ಯಮ ಸಂಘಗಳು ಆಕ್ಷೇಪ ಎತ್ತಿದವು. 2025ರ ಮೇನಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ಸುದ್ದಿಯಲ್ಲಿ ಜಾಸ್ತಿ ಓಡಿದ್ದು ಕಲ್ಯಾಣ ಶುಲ್ಕದ ವಿಷಯ. ಪ್ರತಿ ಆರ್ಡರ್‌ಗೆ ಕಾರ್ಮಿಕರಿಗೆ ಸಿಗುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ನಿಧಿಗೆ ಕಟ್ಟಬೇಕು ಎಂಬುದು. ಊಟದ ಬೆಲೆ ಜಾಸ್ತಿ ಆಗುತ್ತಾ ಅಂತ ಎಲ್ಲರೂ ಕೇಳಿದರು. 40 ರೂಪಾಯಿ ಸಿಗುವ ಒಂದು ಡೆಲಿವರಿಗೆ ಶೇ 1 ಅಂದರೆ 40 ಪೈಸೆ. ಇದಕ್ಕೆ ಇಷ್ಟು ಗಲಾಟೆ ಬೇಕಿರಲಿಲ್ಲ.

ಕಂಪನಿಗಳಿಗೆ ನಿಜವಾಗಿ ಚುಚ್ಚಿದ್ದು ಬೇರೆ ಕಲಮುಗಳು. ಒಬ್ಬರನ್ನು ತೆಗೆಯಬೇಕಾದರೆ ಸರಿಯಾದ ಕಾರಣವನ್ನು ಬರಹದಲ್ಲಿ ಕೊಡಬೇಕು, 14 ದಿನ ಮೊದಲೇ ತಿಳಿಸಬೇಕು. ಯಾರ ಮೇಲಾದರೂ ಕೈಮಾಡಿದಂಥ ಪ್ರಕರಣಕ್ಕೆ ಮಾತ್ರ ವಿನಾಯಿತಿ. ಯಾವ ಯಾವ ಕಾರಣಕ್ಕೆ ತೆಗೆಯಬಹುದು ಎಂಬ ಪಟ್ಟಿ ಒಪ್ಪಂದದಲ್ಲೇ ಇರಬೇಕು. ಒಪ್ಪಂದ ಸರಳ ಭಾಷೆಯಲ್ಲಿರಬೇಕು. ದರ, ಗಳಿಕೆ, ರೇಟಿಂಗ್ ಇವುಗಳನ್ನು ತೀರ್ಮಾನಿಸುವ ಸ್ವಯಂಚಾಲಿತ ವ್ಯವಸ್ಥೆ ಏನೇನು ನೋಡುತ್ತದೆ ಎಂಬುದನ್ನು ಕಾರ್ಮಿಕರಿಗೆ ತಿಳಿಸಬೇಕು. ಆ ವ್ಯವಸ್ಥೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು, ಅಂಗವೈಕಲ್ಯ ನೋಡಿ ಭೇದ ಮಾಡಬಾರದು. ಕೇಳಿದರೆ ಉತ್ತರ ಕೊಡಲು ಒಬ್ಬ ಮನುಷ್ಯ ಸಿಗಬೇಕು. ದುಡ್ಡು ಹಿಡಿದರೆ ಯಾಕೆ ಅಂತ ಹೇಳಬೇಕು. ಹಬ್‌ನಲ್ಲಿ ನಿಂತು ಅದು ಸಿಸ್ಟಂನಲ್ಲಿ ಆಗಿರೋದು ಎಂಬ ಉತ್ತರ ಕೇಳಿಸಿಕೊಂಡು ವಾಪಸ್ ಬಂದವರಿಗೆ ಈ ಸಾಲುಗಳ ಬೆಲೆ ಗೊತ್ತು.

ಕಂಪನಿಗಳು ಇದಕ್ಕೆ ಹೇಳುವುದು ಎರಡು ಮಾತು. ಒಂದು, ಲೆಕ್ಕ ಬಿಚ್ಚಿಟ್ಟರೆ ಮೋಸಗಾರರು ಅದನ್ನೇ ಹಿಡಿದು ದಾರಿ ಹುಡುಕುತ್ತಾರೆ. ಎರಡು, ಅದು ನಮ್ಮ ವ್ಯಾಪಾರದ ಗುಟ್ಟು, ಎದುರಾಳಿ ಕದಿಯುತ್ತಾನೆ. ಮೊದಲನೆಯದರಲ್ಲಿ ಸ್ವಲ್ಪ ಹುರುಳಿದೆ. ನಕಲಿ ಜಿಪಿಎಸ್ ಆ್ಯಪ್ ಹಾಕಿದವರನ್ನು ಹೇಗೆ ಹಿಡಿಯುತ್ತೇವೆ ಅಂತ ಊರಿಗೆಲ್ಲ ಹೇಳಬೇಕಿಲ್ಲ. ಆದರೆ ಇಲ್ಲಿ ಯಾರೂ ಕೋಡ್ ಕೇಳಿಲ್ಲ. ಮಂಗಳವಾರ ಸಂಜೆಯ ಈ ಆರ್ಡರ್‌ನಲ್ಲಿ ಈ ದೂರು ಬಂತು, ನೀನು ಏನು ಹೇಳುತ್ತೀಯ ಎಂದು ಕೇಳಿದರೆ ಯಾವ ಗುಟ್ಟು ಹೊರಗೆ ಹೋಗುತ್ತದೆ? ಎರಡನೆಯ ಮಾತನ್ನು ಆಮ್‌ಸ್ಟರ್‌ಡ್ಯಾಂ ಕೋರ್ಟ್ ತೂಗಿ ನೋಡಿದೆ. ಗುಟ್ಟು ಎಂಬ ಒಂದೇ ನೆಪ ಹಿಡಿದು ಪೂರ್ತಿ ಬಾಯಿ ಮುಚ್ಚಿಕೊಳ್ಳುವ ಹಾಗಿಲ್ಲ ಎಂದಿದೆ. ಅದರಿಂದ ಊಬರ್ ಏನೂ ಮುಳುಗಲಿಲ್ಲ ಅಲ್ವಾ?

ಕರ್ನಾಟಕದ ಕಾಯ್ದೆಗೂ ಹಲ್ಲು ಕಡಿಮೆ. ನಿಯಮ ಮುರಿದರೆ ಮೊದಲ ಬಾರಿ ದಂಡ 5,000 ರೂಪಾಯಿವರೆಗೆ, ಮತ್ತೆ ಮುರಿದರೆ 1 ಲಕ್ಷದವರೆಗೆ. ಸಾವಿರಾರು ಕೋಟಿ ವಹಿವಾಟು ಇರುವವರಿಗೆ 1 ಲಕ್ಷ ಅಂದರೆ ಏನೂ ಅಲ್ಲ. ದಂಡ ಕಟ್ಟಿ ಹಳೇ ರೀತಿಯೇ ಮುಂದುವರಿಯುವುದು ಅಗ್ಗ ಆಗಬಾರದು. ಒಂದೊಂದು ಐಡಿಗೂ ಬೇರೆ ಬೇರೆ ಲೆಕ್ಕ ಹಾಕಿ, ಅಕ್ರಮವಾಗಿ ಬ್ಲಾಕ್ ಮಾಡಿದಷ್ಟು ದಿನದ ಸರಾಸರಿ ಗಳಿಕೆಯನ್ನು ಆ ಕಾರ್ಮಿಕರಿಗೇ ಕೊಡಿಸುವಂತಾಗಬೇಕು. ಆಗ ಕಂಪನಿಯ ಲೆಕ್ಕಪತ್ರದವರೇ ಎಂಜಿನಿಯರ್‌ಗಳ ಹತ್ತಿರ ಹೋಗಿ ಸುಮ್ನೆ ಬ್ಲಾಕ್ ಮಾಡಬೇಡಿ ಅನ್ನುತ್ತಾರೆ.

ಇನ್ನೊಂದು ಕಂಡಿ, ತಾತ್ಕಾಲಿಕ ಬ್ಲಾಕ್. ತೆಗೆದುಹಾಕಿಲ್ಲ, ಪರಿಶೀಲನೆ ನಡೆಯುತ್ತಿದೆ ಎಂದು ಮೂರು ವಾರ ಐಡಿ ಮುಚ್ಚಿಟ್ಟರೆ 14 ದಿನದ ನೋಟಿಸ್‌ಗೆ ಅರ್ಥ ಉಳಿಯುವುದಿಲ್ಲ. ದಿನದ ದುಡಿಮೆಯಲ್ಲಿ ಬದುಕುವವರಿಗೆ ಮೂರು ವಾರ ಅಂದರೆ ಮನೆ ಬಾಡಿಗೆ. ಎಷ್ಟು ಗಂಟೆಯೊಳಗೆ ಪರಿಶೀಲನೆ ಮುಗಿಯಬೇಕು ಎಂಬುದಕ್ಕೆ ಒಂದು ಮಿತಿ ಬೇಕು. ಗಿರಾಕಿಯ ದೂರಿಗೆ ಐದು ನಿಮಿಷದಲ್ಲಿ ದುಡ್ಡು ವಾಪಸ್ ಕೊಡುವ ಕಂಪನಿಗೆ ರೈಡರ್‌ನ ದೂರನ್ನು 48 ಗಂಟೆಯಲ್ಲಿ ನೋಡುವುದು ಕಷ್ಟವಾಗಲಾರದು.

ರಾಜಕೀಯ ಪಕ್ಷಗಳ ಬಗ್ಗೆಯೂ ಹೇಳಬೇಕು. ವಿಮೆ ಘೋಷಿಸುವುದು ಎಲ್ಲರಿಗೂ ಇಷ್ಟ. ಕರ್ನಾಟಕವೂ 2023ರಲ್ಲಿ 4 ಲಕ್ಷ ರೂಪಾಯಿ ವಿಮೆ ಪ್ರಕಟಿಸಿತು, 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ. ಬೇಕಾದದ್ದೇ. ಅದಕ್ಕೆ ಫೋಟೊ ಸಿಗುತ್ತದೆ, ಚೆಕ್ ಹಂಚಬಹುದು. ಒಂದು ಕಂಪನಿಯನ್ನು ಕರೆದು ನಿನ್ನ ಯಂತ್ರ ಈ ಹುಡುಗನನ್ನು ಯಾಕೆ ಹೊರಗೆ ಹಾಕಿತು ಹೇಳು ಎಂದು ಕೇಳಲು ಫೋಟೊ ಸಿಗುವುದಿಲ್ಲ, ಬಂಡವಾಳ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂಬ ಬೆದರಿಕೆ ಮಾತ್ರ ಸಿಗುತ್ತದೆ. ಆ ಬೆದರಿಕೆಗೆ ಮಣಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಊಟ, ದಿನಸಿ, ಟ್ಯಾಕ್ಸಿ ಆರ್ಡರ್ ಮಾಡುವ ಜನ ಬೆಂಗಳೂರಿನಲ್ಲೇ ಇರುತ್ತಾರೆ. ಅವರನ್ನು ಕಂಪನಿ ಹೈದರಾಬಾದಿಗೆ ಒಯ್ಯಲಾಗದು.

ನೀತಿ ಆಯೋಗದ 2022ರ ವರದಿಯ ಅಂದಾಜಿನಲ್ಲಿ ದೇಶದ ಗಿಗ್ ಕಾರ್ಮಿಕರು 2020-21ರಲ್ಲಿ 77 ಲಕ್ಷ, 2029-30ಕ್ಕೆ 2.35 ಕೋಟಿ. ಮತ್ತೆ, ಇದು ಡೆಲಿವರಿ ಹುಡುಗರ ವಿಷಯ, ನನಗೇನು ಅಂತ ಐಟಿ ಕೆಲಸದವರು ಅಂದುಕೊಳ್ಳಬಾರದು. ರೆಸ್ಯೂಮೆ ನೋಡುವುದು, ಸಾಲ ಕೊಡಬೇಕೇ ಅಂತ ಅಂಕ ಹಾಕುವುದು, ಕೆಲಸದ ಗುಣಮಟ್ಟ ಅಳೆಯುವುದು, ಇವೂ ಯಂತ್ರದ ಕೈಗೆ ಹೋಗುತ್ತಿವೆ. ಯಾಕೆ ಅಂತ ಕೇಳುವ ಹಕ್ಕು ರೈಡರ್‌ಗೆ ಗಟ್ಟಿಯಾದರೆ ಉಳಿದವರಿಗೂ ಕೇಳಲು ಒಂದು ಆಧಾರ ಸಿಗುತ್ತದೆ.

ಈಗ ಕರ್ನಾಟಕದಲ್ಲಿ ಐಡಿ ಬ್ಲಾಕ್ ಆದವರು ಮಾಡಬೇಕಾದದ್ದು. ಬ್ಲಾಕ್ ಆದ ಪುಟದ ಸ್ಕ್ರೀನ್‌ಶಾಟ್ ಆ ಕೂಡಲೇ ತೆಗೆದಿಡಿ, ದಿನಾಂಕ ಮತ್ತು ಸಮಯ ಕಾಣುವ ಹಾಗೆ. ಹಿಂದಿನ ವಾರಗಳ ಗಳಿಕೆಯ ಪುಟ, ರೇಟಿಂಗ್ ಪುಟ ತೆರೆಯುತ್ತಿದ್ದರೆ ಅವನ್ನೂ ತೆಗೆದಿಡಿ, ಆಮೇಲೆ ಅವೂ ಮುಚ್ಚಿಹೋಗಬಹುದು. ಚಾಟ್‌ನಲ್ಲಿ ಮಾತಾಡಿ ಬಿಡಬೇಡಿ, ಕಂಪನಿಗೆ ಇಮೇಲ್ ಕಳಿಸಿ. 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಪ್ರಕಾರ ಕಾರಣವನ್ನು ಬರಹದಲ್ಲಿ ಕೊಡಿ, 14 ದಿನದ ನೋಟಿಸ್ ಎಲ್ಲಿ ಎಂದು ಎರಡೇ ಸಾಲು ಕನ್ನಡದಲ್ಲೇ ಬರೆದರೂ ಸಾಕು. 50ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಂಪನಿಯಲ್ಲಿ ಆಂತರಿಕ ವ್ಯಾಜ್ಯ ಪರಿಹಾರ ಸಮಿತಿ ಇರಬೇಕು, ದೂರನ್ನು ಅದಕ್ಕೂ ಕಳಿಸಿ. ಉತ್ತರ ಬರದಿದ್ದರೆ ಆ ಇಮೇಲ್‌ನ ಪ್ರತಿ, ಸ್ಕ್ರೀನ್‌ಶಾಟ್‌ಗಳು ಎಲ್ಲವನ್ನೂ ಹಿಡಿದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಇಲ್ಲವೇ ನಿಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಕೊಟ್ಟ ದೂರಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.